ಕೈದಿಯ ಕಾಲಿಗೆ ನರ್ಸು, ಅಣ್ಣನ ಕಾಲಿಗೆ ಗೇಟು

ಜೈಲು ಅಧೀಕ್ಷಕರಾದ ಮಾನ್ಯರೇ,

ನಿಮ್ಮ ಜೈಲಿನಲ್ಲಿರುವ ನನ್ನ ತಮ್ಮನ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆ. ಇದೇ ನನ್ನ ತಕರಾರು. ನನಗೆ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವ ವಯಸ್ಸು ನನ್ನದಲ್ಲ. ಪುಣೆಗೆ ದುಡಿಯಲು ಬಂದ ನನಗೆ ಮರಾಠಿ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಗೇ ಕನ್ನಡ ಶಾಲೆ ಬಿಟ್ಟವನು. ಆದ್ದರಿಂದ ಕನ್ನಡದಲ್ಲೇ ಬರೆದು ಈ ಪತ್ರಿಕೆಗೆ ಕೊಟ್ಟಿದ್ದೇನೆ. ಓದಿ ಹೇಳಲು ನಿಮ್ಮಲ್ಲಿ ಕನ್ನಡದ ಕೈದಿಗಳಿಗೇನೂ ಕೊರತೆಯಿಲ್ಲ.

ನನ್ನ ತಮ್ಮ ಮಲಕಪ್ಪ ಕುಡಿದ ಅಮಲಿನಲ್ಲಿ ಸಲಿಕೆಯಿಂದ ಒಬ್ಬ ಮೇಸ್ತ್ರಿಯ ತಲೆ ಒಡೆದ. ಶಿಕ್ಷೆಯಾಯಿತು, ಆಗಬೇಕಾದದ್ದೇ. ನಾನು ಯಾರ ತಲೆಯನ್ನೂ ಒಡೆದಿಲ್ಲ. ಕಾತ್ರಜದ ಆಚೀಚೆ ನೀವು ನೋಡುವ ಎಷ್ಟೋ ಕಟ್ಟಡಗಳಿಗೆ ಇಟ್ಟಿಗೆ ಇಟ್ಟ ಗೌಂಡಿ ನಾನು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರ ಪಾದವೂ ಜೋಮು ಹಿಡಿದದ್ದು. ಇಷ್ಟರವರೆಗೆ ಅಣ್ಣತಮ್ಮಂದಿರು ಸಮಸಮ. ಮುಂದಿನದು ಕೇಳಿ.

ಪ್ರತಿ ಮಂಗಳವಾರ ನಿಮ್ಮಲ್ಲಿಗೆ ಕೇತಕಿ ಎಂಬ ನರ್ಸ್ ಬರುತ್ತಾಳೆ. ಕೈದಿಗಳನ್ನು ಸಾಲಾಗಿ ಸ್ಟೂಲಿನ ಮೇಲೆ ಕೂರಿಸುತ್ತಾಳೆ. ಉಗುರುಬೆಚ್ಚನೆಯ ನೀರಲ್ಲಿ ಪಾದ ತೊಳೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಗಾಯವಿದ್ದರೆ ಪಟ್ಟಿ ಕಟ್ಟಿ, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುತ್ತಾಳೆ. ಕೈದಿಯ ಕೈಗೆ ಬ್ಲೇಡು, ಕತ್ತರಿ ಕೊಡುವಂತಿಲ್ಲವಲ್ಲ, ಅದಕ್ಕೆ ಉಗುರನ್ನೂ ಅವಳೇ ಕತ್ತರಿಸುತ್ತಾಳೆ. ನನ್ನ ಜೀವಮಾನದಲ್ಲಿ ನನ್ನ ಕಾಲನ್ನು ಇನ್ನೊಬ್ಬರು ತೊಳೆದದ್ದು ಒಮ್ಮೆ ಮಾತ್ರ, ಮದುವೆ ಹಂದರದಲ್ಲಿ ಅತ್ತೆ ಮಾವ. ಮಲಕಪ್ಪನಿಗೆ ಮಂಗಳವಾರ ಬಂತೆಂದರೆ ಮದುವೆ.

ಇನ್ನು ಹೊರಗಿನ ಉಪಚಾರ ಕೇಳಿ. ಗೋಡೆ ಬಿರಿದರೆ ಬಿಳಿ ಸಿಮೆಂಟ್ ತುಂಬುತ್ತೇವೆ. ಕಾಲು ಬಿರಿದರೂ ಅದನ್ನೇ ತುಂಬುತ್ತೇವೆ. ನಮ್ಮ ಗೌಂಡಿ ಜನರಲ್ಲಿ ಇದು ಮಾಮೂಲು, ನನಗೆ ಕೆಲಸ ಕಲಿಸಿದ ಉಸ್ತಾದನೂ ಹಾಗೇ ಮಾಡುತ್ತಿದ್ದ. ಎಡಗಾಲಿನ ಬೆರಳ ಬುಡ ಸೀಳಿದಾಗ ನಾನೂ ತುಂಬಿ, ಬಟ್ಟೆ ಸುತ್ತಿ, ಕೆಲಸಕ್ಕೆ ಹೋದೆ. ಸಿಮೆಂಟು ಒಳಗೊಳಗೇ ಸುಟ್ಟಿತು. ಜೋಮು ಹಿಡಿದ ಕಾಲಿಗೆ ಉರಿ ಎಲ್ಲಿಂದ ಗೊತ್ತಾಗಬೇಕು? ಎರಡು ಬೆರಳು ಆಸ್ಪತ್ರೆಯ ಬಕೆಟ್ಟಿಗೆ ಹೋದವು. ಬೇಡ ಎನ್ನಲು ನಾವು ವಾಸಿಸುವ ಶೆಡ್ಡುಗಳಿಗೆ ಯಾವ ಕೇತಕಿ ಬಂದಿದ್ದಳು? ನಮ್ಮ ಕಡೆಯ ದವಾಖಾನೆಯಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ದೊಡ್ಡ ಬೋರ್ಡು ಹಾಕಿದ್ದಾರೆ. ಚಪ್ಪಲಿಯ ಮೇಲೆ ಅಷ್ಟು ಕಣ್ಣಿಟ್ಟವರು ಕಾಲನ್ನು ಮಾತ್ರ ನೋಡುವುದಿಲ್ಲ. ಮೇಜಿನ ಆಚೆಯಿಂದಲೇ ಗುಳಿಗೆ ಬರೆದುಕೊಡುತ್ತಾರೆ.

ಈಗ ಬಲಗಾಲಿನ ಸರದಿ. ಮಲಕಪ್ಪ ಬೇಗ ಬಿಡುಗಡೆಯಾಗಲೆಂದು ಖಂಡೋಬ ದೇವರಿಗೆ ಹರಕೆ ಹೊತ್ತು, ಸಾಸವಡದ ಮೇಲಿಂದ ಜೇಜುರಿಯ ಗುಡಿಗೆ ಬರಿಗಾಲಲ್ಲಿ ನಡೆದೆ. ಖಂಡೋಬ ಅವನನ್ನು ಬಿಡಿಸಲಿಲ್ಲ, ನನ್ನ ಹಿಮ್ಮಡಿಗೆ ತೂತು ಬಿತ್ತು. ದೊಡ್ಡ ಆಸ್ಪತ್ರೆಯ ಡಾಕ್ಟರು, ಗಾಯ ಎಲುಬಿಗೆ ಮುಟ್ಟಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ, ವಾರವಾರ ಬಂದು ಪಟ್ಟಿ ಕಟ್ಟಿಸಿಕೋ, ನಡೆಯಬೇಡ ಎಂದರು. ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಂತು, ನಡೆಯಬೇಡ ಎನ್ನುವವರ ಹತ್ತಿರ ನಡೆದೇ ಹೋಗಬೇಕು. ಎರಡು ವಾರ ಹೋದೆ. ಮೂರನೆಯ ವಾರ ಬಿಟ್ಟೆ.

ಹೋದ ಮಂಗಳವಾರ ತಮ್ಮನನ್ನು ಕಾಣಲು ಮುಲಾಖತ್‌ಗೆ ಬಂದಿದ್ದೆ. ಗಾಜಿನ ಆಚೆ ಮಲಕಪ್ಪ, ಈಚೆ ನಾನು, ನಡುವೆ ಫೋನು. ನಮ್ಮಲ್ಲಿ ತಮ್ಮನಾದವನು ಅಣ್ಣನತ್ತ ಕಾಲು ಚಾಚಿಯೂ ಕೂರುವುದಿಲ್ಲ. ಇವನು ನಗುತ್ತಾ ಅಂಗಾಲನ್ನೇ ಎತ್ತಿ ಗಾಜಿಗೆ ಒತ್ತಿದ. ಹೆಡೆಮುರಿ ಕಟ್ಟಿ ಹೊಡೆಯಬೇಕೆನಿಸಿತು. ಆದರೆ ಆ ಅಂಗಾಲು! ಒಂದು ಬಿರುಕಿಲ್ಲ. ಬೆರಳು ಐದೂ ಜಾಗದಲ್ಲಿವೆ. ಕೂಸಿನ ಕಾಲಿನಂತೆ ಮಿರಮಿರ ಮಿಂಚುತ್ತಿತ್ತು.

“ನಿಂದೂ ತೋರ್ಸು ಅಣ್ಣಾ” ಎಂದ.

ಬೇಡವೆಂದೆ. ಬಿಡಲಿಲ್ಲ. ಪಟ್ಟಿ ಬಿಚ್ಚಿ ನಾನೂ ಎತ್ತಿದೆ. ಅವನ ನಗು ನಿಂತಿತು.

“ಭಾಳ ಹಸಿ ಅದಲ್ಲೋ. ನೋವದೇನು?”

“ಇಲ್ಲ” ಎಂದೆ.

“ನೋವಿಲ್ಲಂದ್ರ ಅದೇ ಕೆಟ್ಟದ್ದಂತ, ಸಿಸ್ಟರಬಾಯಿ ಹೇಳ್ತಾಳ. ಇವತ್ತ ಬಂದಾಳ. ಗೇಟಿಗಿ ನಿಂದ್ರು, ಕೈ ಮುಗಿ, ಜಗಳ ತೆಗಿಬ್ಯಾಡ.”

ತಲೆ ಒಡೆದವನು ನನಗೆ ಜಗಳ ತೆಗೆಯಬೇಡ ಎಂದು ಬುದ್ಧಿ ಹೇಳಿದ. ಅಷ್ಟರಲ್ಲಿ ನಿಮ್ಮ ಸಿಪಾಯಿ, ಇದೇನು ಚಪ್ಪಲಿ ಅಂಗಡಿಯೇ ಎಂದು ಬೈದು ಇಬ್ಬರ ಕಾಲನ್ನೂ ಇಳಿಸಿದ.

ಗೇಟಿನ ಹೊರಗಿನ ಶೆಡ್ಡಿನಲ್ಲಿ ಕಾದೆ. ನನ್ನಂಥವರೇ ಅಲ್ಲಿ ತುಂಬಿದ್ದರು; ಸೊಲ್ಲಾಪುರ, ಸಾತಾರಾ ಕಡೆಯಿಂದ ಬಂದ ಮುದುಕಿಯರು, ಬಾತ ಕಾಲು, ಒಡೆದ ಹಿಮ್ಮಡಿ. ಕೇತಕಿ ಹೊರಬಂದಳು. ತೋರಿಸಿದೆ. ಅವಳು ಬಗ್ಗಿ ನೋಡಿದಳು, ಮುಖ ಕಪ್ಪಿಟ್ಟಿತು. ಅವಳ ಕೈ ಮದ್ದಿನ ಚೀಲದ ಜಿಪ್ಪಿನವರೆಗೆ ಹೋಗಿ ನಿಂತಿತು.

“ಕಾಕಾ, ಇಥೆ ನಾಹೀ ಜಮಣಾರ್” ಎಂದಳು. ಇಲ್ಲಿ ಆಗುವುದಿಲ್ಲವಂತೆ. ಒಳಗಿನ ಕೈದಿಗಳಿಗೆ ಮಾತ್ರ ನಿಮ್ಮ ಹುಕುಮು ಇದೆಯಂತೆ. ಗೇಟು ದಾಟಿದ ಮೇಲೆ ಚೀಲ ಬಿಚ್ಚಿದರೆ ನಾಳೆ ಅವಳನ್ನೇ ಒಳಗೆ ಬಿಡುವುದಿಲ್ಲವಂತೆ. ತಡಮಾಡಬೇಡಿ, ಆಸ್ಪತ್ರೆಗೆ ಹೋಗಿ ಎಂದು ಎರಡು ಸಲ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ನಿಮಗಾಗಿ ಉಳಿಸಿಕೊಂಡಿದ್ದೇನೆ.

ಕಳ್ಳರು ಕೊಲೆಗಡುಕರಿಗೆ ಇಂಥ ಉಪಚಾರ ಯಾಕೆ, ನಿಲ್ಲಿಸಿ ಎಂದು ಬರಿ ಎಂದರು ನನ್ನ ಓಣಿಯವರು. ನಾನು ಹಾಗೆ ಬರೆಯುವುದಿಲ್ಲ. ಕೋರ್ಟು ಮಲಕಪ್ಪನಿಂದ ವರ್ಷಗಳನ್ನು ಕೇಳಿತು, ಕಾಲನ್ನು ಕೇಳಲಿಲ್ಲ. ಅವನ ಒಂದು ಬೆರಳು ಹೋದರೆ ನನ್ನ ಬೆರಳೇನು ತಿರುಗಿ ಬರುತ್ತದೆಯೇ? ನಾನು ಕೇಳುವುದು ಬೇರೆ. ನನ್ನ ಕಾಲಿಗೆ ಶಿಕ್ಷೆ ಬರೆದ ಕೋರ್ಟು ಯಾವುದು? ನಾಳೆ ಮಲಕಪ್ಪ ಬಿಡುಗಡೆಯಾಗಿ ನಮ್ಮ ಶೆಡ್ಡಿಗೆ ಬಂದರೆ ಅವನ ಹತ್ತು ಬೆರಳನ್ನು ಕಾಯುವವರು ಯಾರು? ನಿಮ್ಮ ಗೇಟು ದಾಟಿದ ಕೂಡಲೇ ಪಾದ ವಾಸಿಯಾಗಿಬಿಡುತ್ತದೆ ಎಂದು ಯಾವ ಡಾಕ್ಟರು ಹೇಳಿದ್ದಾರೆ ನಿಮಗೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮಂಗಳವಾರ ಒಳಗಿನ ಕೆಲಸ ಮುಗಿಸಿದ ಮೇಲೆ ಕೇತಕಿ ಒಂದು ತಾಸು ಆ ಹೊರಗಿನ ಶೆಡ್ಡಿನಲ್ಲಿ ಕೂತು, ಮುಲಾಖತ್‌ಗೆ ಬಂದವರ ಮತ್ತು ಬಿಡುಗಡೆಯಾದವರ ಕಾಲು ನೋಡಲಿ. ಅದಕ್ಕೆ ಹುಕುಮು ಬರೆದುಕೊಡಿ. ಬರುವ ಮಂಗಳವಾರವೇ ಬರೆದುಕೊಡಿ, ನನ್ನ ಹಿಮ್ಮಡಿ ನಿಮ್ಮ ಕಚೇರಿಯ ವೇಳೆ ನೋಡಿಕೊಂಡು ಕೊಳೆಯುವುದಿಲ್ಲ. ಶೆಡ್ಡಿನಲ್ಲಿ ಕೂರಲು ಜಾಗವಿಲ್ಲ ಎನ್ನಬೇಡಿ. ಇಟ್ಟಿಗೆ ತಂದು ನಾನೇ ಕಟ್ಟೆ ಕಟ್ಟಿಕೊಡುತ್ತೇನೆ, ಮಂಡಿಯೂರಿ ಮಾಡುವ ಕೆಲಸ ನನಗೆ ಇನ್ನೂ ಆಗುತ್ತದೆ. ಅದರ ಮೇಲೆ ಕೂತು ಕಾಲು ನೋಡುವವಳನ್ನು ಮಾತ್ರ ಇಟ್ಟಿಗೆಯಿಂದ ಕಟ್ಟಲು ಬರುವುದಿಲ್ಲ. ಅವಳನ್ನು ನೀವೇ ಕೊಡಬೇಕು.

ಇಂತಿ,
ಯಾವ ಗುನ್ನೆಯನ್ನೂ ಮಾಡದೆ ಹೊರಗೆ ಉಳಿದು ಕುಂಟುತ್ತಿರುವ
ಶಿವಪ್ಪ ಗೌಂಡಿ, ಕಾತ್ರಜ, ಪುಣೆ