ಕೋವಿಮದ್ದು ಕಾಯ್ದ ದೊಡ್ಡವ್ವನಿಗೆ

ದೊಡ್ಡವ್ವ,

ಅವತ್ತು ನಮ್ಮ ಕಡಲೆಕಾಯಿ ಹೊಲಕ್ಕೆ ಹಂದಿ ಬಂದಿರಲಿಲ್ಲ. ಹಂದಿ ಬಿದ್ದಿದೆ, ಒಂದು ಏಟಿಗಾಗುವಷ್ಟು ಮದ್ದು ಕೊಡು ಎಂದು ನಿನ್ನನ್ನು ಕೇಳಿದ್ದು ಸುಳ್ಳು. ಇದನ್ನು ಬಹಳ ದಿನ ಮುಚ್ಚಿಟ್ಟುಕೊಂಡಿದ್ದೆ. ಇಸ್ಕೂಲು ಯಾಕೆ ಬಿಡ್ತೀಯ ಎಂದು ಹೆಡ್‌ಮಾಸ್ಟರು ಕೇಳಿದಾಗ 'ಕೂತು ಕೂತು ಬೇಜಾರಾಗ್ಯದೆ ಸಾರ್' ಎಂದು ನಿಜ ಹೇಳಿ ಏಟು ತಿಂದವನು ನಾನು. ನಮ್ಮ ಹುಡುಗನ ಬಾಯಲ್ಲಿ ಸುಳ್ಳು ಬರಲ್ಲ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನಿನ್ನ ಮುಂದೆಯೇ... ನಿನಗೆ ಓದಲು ಬರುತ್ತಿರಲಿಲ್ಲ. ಸೂಲಿಬೆಲೆಯ ಗಂಡನ ಮನೆಯಿಂದ ನಿನ್ನ ಮಗಳು ದೇವೀರಕ್ಕ ಬರೆಸುತ್ತಿದ್ದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ನಿನ್ನ ಜಗಲಿಯ ಮೇಲೆ ಕೂತು, ಬಾಯಿಬಿಟ್ಟು ಓದಿಕೊಂಡೇ ಬರೆಯುತ್ತಿದ್ದೇನೆ.

ಮದ್ದು ಕೇಳಲು ಮೊದಲ ಸಲ ಅಪ್ಪ ನನ್ನನ್ನು ಕಳಿಸಿದ ದಿನ ನೆನಪಿದೆಯಾ? ನನಗೆ ಹದಿನಾಲ್ಕಿರಬೇಕು. ಮನೆ ಪಾಲಾದಾಗ ತಾತ ಕೋವಿಯನ್ನು ಕಿರಿಮಗನಾದ ಅಪ್ಪನಿಗೂ ಅದರ ಮದ್ದನ್ನು ಹಿರಿಮಗನಾದ ದೊಡ್ಡಪ್ಪನಿಗೂ ಕೊಟ್ಟನಂತೆ. ಎರಡು ಮನೆಯವರೂ ಒಪ್ಪದೆ ಕೋವಿ ಸಿಡಿಯಬಾರದು ಎಂಬುದು ಅವನ ಲೆಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೂ ನೀನು ಅದನ್ನು ಬಿಡಲಿಲ್ಲ. ಅವತ್ತು ನೀನು ನನ್ನನ್ನು 'ಏನ್ ಬಂದದೆ? ಎಲ್ ಬಂದದೆ? ಜೊತೆಗೆ ಯಾರ್ ಬತ್ತಾರೆ?' ಎಂದು ಕೇಳಿದೆ. ಉತ್ತರ ಹೇಳಿದ ಮೇಲೂ ಎದ್ದು ಹೋಗಲಿಲ್ಲ. 'ಮೊದ್ಲು ಮಜ್ಜಿಗೆ ಕುಡಿ' ಎಂದೆ. 'ಹಂದಿ ಹೊಂಟೋಯ್ತದೆ ದೊಡ್ಡವ್ವ' ಎಂದರೆ, 'ಹೋದ್ರೆ ಒಳ್ಳೇದೇ ಅಲ್ವೇನ್ಲಾ?' ಎಂದು ನಕ್ಕೆ. ಒಂದು ಚೊಂಬು ಮಜ್ಜಿಗೆ ಮುಗಿಯುವವರೆಗೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ಒಳಗೆ ಹೋಗಿ ಬಿದಿರ ನಳಿಕೆಯಲ್ಲಿ ಒಂದೇ ಏಟಿನ ಮದ್ದು ತಂದುಕೊಟ್ಟೆ.

ಯುದ್ಧದ ಕಾಲದಲ್ಲಿ ಜಿಂಕೆ ಹೊಡೆಯಲು ಬೆಂಗಳೂರಿನಿಂದ ಜೀಪಿನಲ್ಲಿ ಬಂದಿದ್ದ ಆ ಅಮೆರಿಕದ ಸೋಲ್ಜರನ್ನು ನೀನು ಮರೆತಿರಲಾರೆ. ನೀರು ಕೇಳಿದವನಿಗೂ ಮಜ್ಜಿಗೆಯನ್ನೇ ಕೊಟ್ಟಿದ್ದೆ. ಫೋರ್ತ್ ಫಾರಂಗೇ ನಿಂತುಹೋದ ನನ್ನ ಇಂಗ್ಲಿಷಿನಲ್ಲಿ ನಮ್ಮ ಕೋವಿ ಒಂದು ಮನೆಯಲ್ಲಿ, ಮದ್ದು ಇನ್ನೊಂದು ಮನೆಯಲ್ಲಿ ಎಂದು ಹೇಗೋ ತಿಳಿಸಿದೆ. ಅವನು ತೊಡೆ ತಟ್ಟಿಕೊಂಡು ನಕ್ಕ.

'ಏನಂತಾನ್ಲಾ ಆ ಕೆಂಪುಮೂತಿ?'

'ಅವ್ರ ದೇಶ್ದಾಗೆ ಕೋವಿ ಇಟ್ಕಳಕ್ಕೆ ಯಾರ್ನೂ ಕೇಳಂಗಿಲ್ವಂತೆ ದೊಡ್ಡವ್ವ. ಅದು ಅವ್ರ ಹಕ್ಕಂತೆ. ಕಾನೂನು ಪುಸ್ತಕದಾಗೇ ಬರ್ದವ್ರಂತೆ.'

'ಸರಿ. ಸಿಟ್ಟು ಬಂದಾಗ ಯಾರ್ನ ಕೇಳ್ತಾರಂತೆ?'

ಅದನ್ನು ನಾನು ಅವನಿಗೆ ಹೇಳಿದೆ. ಅವನ ನಗು ನಿಂತಿತು. ಚೊಂಬನ್ನು ಕೆಳಗಿಟ್ಟು ನಿಧಾನವಾಗಿ ಮಾತಾಡಿದ. ಅವನ ಮನೆ ಗೋಧಿಹೊಲದ ನಡುವೆ ಒಂಟಿಯಾಗಿದೆಯಂತೆ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ, ಪೊಲೀಸು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವನ ಅಪ್ಪನಿಗೆ ಕೋವಿ ನೇಗಿಲಿದ್ದ ಹಾಗೆ. ಇಟ್ಟುಕೊಂಡವರ ಹೆಸರನ್ನಾದರೂ ಸರ್ಕಾರ ಬರೆದುಕೊಳ್ಳಲಿ ಎಂದು ಅಲ್ಲಿಯೂ ಕೆಲವರು ಹೇಳುತ್ತಾರಂತೆ. ಇವತ್ತು ಹೆಸರು ಬರೆದುಕೊಂಡವರು ನಾಳೆ ಕೋವಿಯನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದು ಉಳಿದವರು ಜಗಳಕ್ಕೆ ನಿಲ್ಲುತ್ತಾರಂತೆ. ಅವನ ಮನೆಯಲ್ಲೇ ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ನಾನು ಎಲ್ಲವನ್ನೂ ಹೇಳಿ ಮುಗಿಸಿದಾಗ ನೀನು, 'ಅವ್ನ್ ಹೇಳಾದೂ ಸುಳ್ಳಲ್ಲ ಬಿಡು. ನೆರೆಮನೆ ಇಲ್ದೋನು ಮದ್ದನ್ನ ಯಾರ್ ಮನೇಲಿ ಇಡ್ತಾನೆ?' ಎಂದೆ.

ನಿನ್ನ ಆ ಮಾತು ನನ್ನ ತಲೆಗೆ ಹೋಗಲಿಲ್ಲ ದೊಡ್ಡವ್ವ. ಅವನದೇ ಹೋಯಿತು. ಯಾರನ್ನೂ ಕೇಳಬೇಕಾಗಿಲ್ಲ ಎನ್ನುವುದು ಎಂಥ ಗಂಡಸುತನದ ಮಾತು ಎಂದುಕೊಂಡೆ. ಲೈಸೆನ್ಸಿಗಾಗಿ ವರ್ಷವರ್ಷವೂ ಅಪ್ಪ ತಾಲ್ಲೂಕು ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವುದು, ಒಂದು ಚಿಟಿಕೆ ಮದ್ದಿಗೆ ನಾನು ನಿನ್ನ ಮುಂದೆ ಮಜ್ಜಿಗೆ ಕುಡಿಯುತ್ತಾ ಕೂರುವುದು, ಇದೂ ಒಂದು ಬಾಳೇ ಎನಿಸುತ್ತಿತ್ತು.

ಬದುವಿನ ಜಗಳದಲ್ಲಿ ಪಕ್ಕದ ಹೊಲದ ರಾಮೇಗೌಡರು ಅಪ್ಪನ ಕೆನ್ನೆಗೆ ಹೊಡೆದದ್ದು ಅದರ ಮರುವರ್ಷ. ಅಪ್ಪ ತಿರುಗಿ ಹೊಡೆಯಲಿಲ್ಲ. ಬಿದ್ದ ಟವಲನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡ. ನಾನು ನೆಟ್ಟಗೆ ನಿನ್ನ ಮನೆಗೆ ಬಂದೆ. ಹಂದಿ ಅಂದೆ. ಜೊತೆಗೆ ಯಾರು ಎಂದರೆ ಬಾಯಿಗೆ ಬಂದ ಹೆಸರು ಹೇಳಿದೆ. ನೀನು ಚೊಂಬು ನೀಡಿದೆ. ನಾನು 'ಬ್ಯಾಡ, ಹೊತ್ತಾಯ್ತು' ಎಂದೆ. ಒಳಗೆ ಹೋದವಳು ಬರುವುದು ಸ್ವಲ್ಪ ತಡವಾಯಿತು. ನಳಿಕೆ ಕೊಡುವಾಗ ನನ್ನ ಮಣಿಕಟ್ಟನ್ನು ಒಂದು ಗಳಿಗೆ ಹಿಡಿದುಕೊಂಡಿದ್ದೆ.

ರಾಮೇಗೌಡರು ಬಾವಿಯ ಹತ್ತಿರ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದರು. ಮೂವತ್ತು ಮಾರು ದೂರದ ಹೊಂಗೆಮರದ ಹಿಂದೆ ಕೋವಿ ತುಂಬಿಕೊಂಡು ಕೂತು ಅವರ ಬೆನ್ನಿಗೆ ಗುರಿ ಇಟ್ಟೆ. ಕುದುರೆ ಎಳೆದೆ. ಕಿಡಿ ಹಾರಿಸುವ ಕೇಪು ಟಪ್ ಎಂದಿತು, ಅಷ್ಟೆ; ಮದ್ದು ಹತ್ತಲಿಲ್ಲ. ರಾಟೆಯ ಕಿರಗುಟ್ಟುವ ಸದ್ದಿನಲ್ಲಿ ಅದು ಅವರಿಗೆ ಕೇಳಿಸಲೇ ಇಲ್ಲ. ಎತ್ತುಗಳಿಗೆ ಏನೋ ಹಾಡು ಹೇಳಿಕೊಂಡಿದ್ದರು. ಮದ್ದಿಗೆ ತೇವ ತಾಗಿರಬೇಕು ಎಂದುಕೊಂಡು ಕೋವಿಯ ನಳಿಗೆಯೊಳಗಿನದನ್ನೆಲ್ಲ ಕೆರೆದು ಹಳ್ಳಕ್ಕೆ ಚೆಲ್ಲಿ ಮನೆಗೆ ಬಂದೆ. ಹಂದಿ ಸಿಕ್ತೇನ್ಲಾ ಎಂದು ನೀನು ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನ ತಿಥಿ ಮುಗಿದ ಮಾರನೆಯ ದಿನ ಪಟೇಲರು, ಅಪ್ಪ, ರಾಮೇಗೌಡರು ಎಲ್ಲರೂ ನಿನ್ನ ಅಂಗಳದಲ್ಲಿ ಸೇರಿದರು. ಅಪ್ಪನ ಕಣ್ಣು ಮಂಜಾಗಿದೆ, ಲೈಸೆನ್ಸು ನನ್ನ ಹೆಸರಿಗೆ ಮಾಡಿಸುವುದು, ಇನ್ನು ಮೇಲೆ ಮದ್ದೂ ನಮ್ಮ ಮನೆಯಲ್ಲೇ ಇರಲಿ ಎಂದು ಮಾತಾಗಿತ್ತು. ದೇವೀರಕ್ಕ ಅಟ್ಟದ ಮೇಲಿಂದ ಮದ್ದಿನ ಕುಡಿಕೆ ಇಳಿಸಿದಳು. ಒಂದಲ್ಲ, ಎರಡಿದ್ದವು. ಒಂದಕ್ಕೆ ಕೆಂಪು ಬಟ್ಟೆ ಕಟ್ಟಿತ್ತು, ಇನ್ನೊಂದಕ್ಕೆ ಕಪ್ಪು. ಪಟೇಲರು ಎರಡರಿಂದಲೂ ಒಂದೊಂದು ಚಿಟಿಕೆ ತೆಗೆದು ಒರಳುಕಲ್ಲಿನ ಮೇಲಿಟ್ಟು ಬೀಡಿಯ ಕೆಂಡ ಮುಟ್ಟಿಸಿದರು. ಕೆಂಪು ಕುಡಿಕೆಯದು ಭಗ್ ಎಂದಿತು. ಕಪ್ಪು ಕುಡಿಕೆಯದು ಸುಮ್ಮನೆ ಬಿದ್ದಿತ್ತು. ಊದಿದರೆ ಹಾರಿಹೋಯಿತು.

'ಥೂ, ಇದ್ದಿಲಪುಡಿ ಕಣ್ರಪ್ಪಾ! ಮುದ್ಕಿಗೆ ಕಣ್ಣೇ ಕಾಣ್ತಿರ್ನಿಲ್ಲ. ಇದನ್ನೂ ಮದ್ದು ಅಂತ ಕಟ್ಟಿಟ್ಟವ್ಳೆ' ಎಂದರು ಪಟೇಲರು. ಎಲ್ಲರೂ ನಕ್ಕರು. ರಾಮೇಗೌಡರು ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಸುಮ್ಮನಿದ್ದುಬಿಡಬಹುದಾಗಿತ್ತು, ಅಲ್ಲವಾ? ಕೋವಿ ನನ್ನದಾಗುತ್ತಿತ್ತು. ನೀನು ಮಾತ್ರ ಊರಿನ ಬಾಯಲ್ಲಿ ಕಣ್ಣು ಕಾಣದ ಮುದುಕಿಯಾಗಿ ಉಳಿಯುತ್ತಿದ್ದೆ. ಎದ್ದು ನಿಂತೆ. 'ಕಣ್ಣು ಕಾಣ್ತಿತ್ತು. ನನ್ ಮುಖ ನೋಡೇ ಇದನ್ನ ಕೊಟ್ಟಿದ್ಲು' ಎಂದೆ. ಹೊಂಗೆಮರ, ಕಪಿಲೆ, ಕೇಪು, ಯಾವುದನ್ನೂ ಬಿಡದೆ ಹೇಳಿದೆ.



'ಲೇ, ನನ್ ಮ್ಯಾಲಾ?' ಎಂದರು ರಾಮೇಗೌಡರು.

'ಹೂಂ ಮಾವ.'

ಕೈ ಹಿಂದಕ್ಕೆ ಹಾಕಿ ಬೆನ್ನು ಮುಟ್ಟಿಕೊಂಡು ನೋಡಿದರು. ಆಮೇಲೆ ಅಪ್ಪನನ್ನು ನೋಡಿದರು. 'ಹಂಗಾರೆ ಮದ್ದು ನಮ್ಮನೇಲಿರ್ಲಿ. ಎರಡು ಕುಡಿಕೇನೂ' ಎಂದರು. ಪಟೇಲರು ಬೇಡ ಎನ್ನಲಿಲ್ಲ. ಲೈಸೆನ್ಸು ನನ್ನ ಹೆಸರಿಗೆ ಬೇಡ ಎಂದು ನಾನೇ ಹೇಳಿದೆ.

ಆ ಹೊತ್ತಿನಲ್ಲಿ ಒಂದನ್ನು ಗಮನಿಸಿದ್ದೆ. ಕಪ್ಪು ಕುಡಿಕೆಯ ಪುಡಿ ಕಂಠದಿಂದ ಮೂರು ಬೆರಳು ಕೆಳಗಿಳಿದಿತ್ತು. ನನಗೆ ಕೊಟ್ಟದ್ದು ಒಂದೇ ನಳಿಕೆ, ಅದಕ್ಕೆ ಅಷ್ಟು ಇಳಿಯುವುದಿಲ್ಲ. ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಾ, ನನ್ನ ಕಡೆ ತಿರುಗದೆ ಅಪ್ಪ ಹೇಳಿದ: 'ನಂಗೂ ಒಂದ್ಸಲ ಬರೀ ಟಪ್ ಅಂದಿತ್ತು ಕಣ್ಲಾ.'

'ಯಾರ್ ಮ್ಯಾಲಪ್ಪಾ?'

'ಪಾಲಾದ ವರ್ಷ. ಅಣ್ಣ ಮನೇಲಿರ್ನಿಲ್ಲ. ಅತ್ತಿಗೇನೇ ಮದ್ದು ಕೊಟ್ರು' ಎಂದ. ಇನ್ನೊಂದು ಹಿಡಿ ಹುಲ್ಲು ಎಳೆದು ಹಾಕಿದ. ಅವನ ಗುರಿ ದೊಡ್ಡಪ್ಪನ ಮೇಲೆ ಎಂದು ನಿನಗೆ ಅವತ್ತೇ ಗೊತ್ತಿತ್ತಾ ದೊಡ್ಡವ್ವ? ಗೊತ್ತಿದ್ದೂ ಇಷ್ಟು ವರ್ಷ, ಬಂದಾಗಲೆಲ್ಲ ಅಪ್ಪನಿಗೆ ಊಟಕ್ಕಿಟ್ಟೆಯಾ?

ಇವತ್ತು ಬೆಳಗ್ಗೆ ರಾಮೇಗೌಡರ ಮನೆಯ ಮುಂದೆ ಹಾದುಹೋಗುವಾಗ ಅವರ ಹೆಂಡತಿ ಕೆಂಪಕ್ಕ ಕರೆದು, 'ಬಾರ್ಲಾ, ಮದ್ದು ಕೇಳಕ್ ಬಂದೋರಿಗೆ ಕೊಡಾ ಮಜ್ಜಿಗೆ ಹದವಾಗ್ಯದಾ ನೋಡು' ಎಂದು ಒಂದು ಚೊಂಬು ಕೊಟ್ಟಳು. ಸ್ವಲ್ಪ ಹುಳಿಯಾಗಿತ್ತು. ಹಾಗೇ ಹೇಳಿದೆ. 'ನಿನ್ ಬಾಯಿಗಿಷ್ಟು' ಎಂದು ಬೈದಳು. ಪೂರ್ತಿ ಕುಡಿದೇ ಎದ್ದೆ.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ದೊಡ್ಡಬಳ್ಳಾಪುರದ ಇದ್ದಿಲು ಬಸ್ಸಿನಲ್ಲಿ ನನಗೆ ಕ್ಲೀನರ್ ಕೆಲಸ ಸಿಕ್ಕಿದೆ. ಅದರ ಒಲೆಗೆ ಇದ್ದಿಲು ತುಂಬಿ ಗಾಳಿ ಹಾಕುವುದು. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಟ್ರಂಕಿಗೆ ಹಗ್ಗ ಅವನೇ ಬಿಗಿದಿದ್ದಾನೆ. ನಾಳೆ ಬೆಳಗ್ಗೆ ಹೊರಡುತ್ತೇನೆ.