ನಗುವಿಗೆ ಹೊತ್ತಿದ ಮಡಕೆಗಳು

ಹಳೇಬೀಡು
8-2-2006

ಅತ್ತೆ, ನಿನ್ನೆಯ ಸಂತೋಷ ಇನ್ನೂ ಇಳಿದಿಲ್ಲ! ನೀವು ಕಲಿಸಿದಂತೆ ಮಡಕೆ ಮಾಡಿ, ಸುತ್ತಲೂ ತೂತು ಕೊರೆದೆ. ಸದ್ದಾದರೆ ಬಣ್ಣಬಣ್ಣವಾಗಿ ಹೊತ್ತುವಂತೆ ಪ್ರೋಗ್ರಾಂ ಮಾಡಿದ ದೀಪಗಳನ್ನು ಇಲ್ಲಿನ ಶಾಲೆಯ ಶರತ್ಚಂದ್ರ ಮೇಷ್ಟ್ರು ಒಳಗಿಟ್ಟರು. ನಿನ್ನೆ ಊರಿನ ಕಲಾ ಪ್ರದರ್ಶನದಲ್ಲಿ ಎಷ್ಟು ಚಪ್ಪಾಳೆ ತಟ್ಟಿದರೂ ಒಂದೂ ಹೊತ್ತಲಿಲ್ಲ. ನನಗೆ ಅಳುವೇ ಬಂತು. ಮೇಷ್ಟ್ರು ಬೆವರುತ್ತಾ ಕಿತ್ತುಬಂದಿದ್ದ ವೈರು ಸಿಕ್ಕಿಸಿದರು. ಅಷ್ಟರಲ್ಲಿ ಮಾದಿಹಳ್ಳಿಯ ಮರಿಯಮ್ಮಜ್ಜಿ ಬಗ್ಗಿ ನೋಡಿ, "ಏನವ್ವಾ, ಇಷ್ಟೊಂದ್ ತೂತೈತೆ, ನೀರ್ ಹೆಂಗ್ ನಿಂತದೆ?" ಎಂದು ಗಹಗಹಿಸಿದರು. ಮಡಕೆಗಳೆಲ್ಲ ಕೆಂಪು, ಹಸಿರು, ನೀಲಿಯಾಗಿ ಝಗ್ಗೆಂದವು! ಅಜ್ಜಿ ಬೆಚ್ಚಿ ಸುಮ್ಮನಾದರು, ದೀಪವೂ ಆರಿತು. ಮತ್ತೆ ನಕ್ಕರು, ಮತ್ತೆ ಹೊತ್ತಿತು. ಆಮೇಲೆ ಸಭೆಯೇ ನಕ್ಕಿತು.

ಮಡಕೆ ಬೇಯಿಸುವ ಗೂಡಿನಲ್ಲಿ ಸುಟ್ಟ ನನ್ನ ಬೆರಳು ವಾಸಿಯಾಗಿದೆ. ಭಾನುವಾರ ಅರಸೀಕೆರೆವರೆಗೆ ರೈಲಿನಲ್ಲಿ ಬನ್ನಿ, ಅಲ್ಲಿಂದ ನಾನು ಕರೆತರುತ್ತೇನೆ. ಬೇಲೂರಿನಲ್ಲೂ ಮಡಕೆ ಇಡಲು ಕರೆದಿದ್ದಾರೆ. ಅಜ್ಜಿ ಆಗಲೇ ಸಿದ್ಧ: "ನಾನೂ ಬತ್ತೀನಿ ಕಣವ್ವಾ, ನಗೋರ್ ಬೇಕಲ್ವಾ?"

ನಿಮ್ಮ ಲಾವಣ್ಯ