ಹೊನ್ನೆಗುಡ್ಡದ ಷರಾ

1-9-1964, ಮಂಗಳವಾರ
ಬೆಳಿಗ್ಗೆ ಕಾಫಿ, ಎರಡು ಸಲ. ಎರಡನೆಯದು ಮೊದಲನೆಯದರ ನೆನಪು ಮಾತ್ರ. ಆಮೇಲೆ ಮೆಟ್ಟಿಲು ಎಣಿಸಿದೆ. ಹದಿನೆಂಟರಲ್ಲಿ ಆರು ನೀರೊಳಗೆ. ನಿನ್ನೆ ಐದಿತ್ತು.

ಸಾಗರದ ಆಫೀಸಿನಿಂದ ಇಲ್ಲಿಗೆ ಬಂದು ಮೂರು ದಿನ. ಬಂಗಲೆಯ ಸಾಮಾನು ಪಟ್ಟಿ ಮಾಡಬೇಕು, ಬಂಗಲೆ ಇರಬೇಕೋ ಮುಚ್ಚಬೇಕೋ ವರದಿ ಬರೆಯಬೇಕು. ಬಿ.ಎ. ಪಾಸು ಮಾಡಿದ್ದು ಚಮಚ ಎಣಿಸಲು. ಪರವಾಗಿಲ್ಲ, ಎಣಿಕೆ ತಪ್ಪುತ್ತಿಲ್ಲ.

ಅಣೆಕಟ್ಟಿನ ನೀರು ಹಿಂದೆ ಹಿಂದೆ ಬಂದು ಗುಡ್ಡವನ್ನು ಸುತ್ತಿಕೊಂಡಿದೆ. ಕೆಳಗಿದ್ದ ಹೊನ್ನೆಕೊಪ್ಪ ಪೂರ್ತಿ ಒಳಗೆ. ಬಂಗಲೆ ಮಾತ್ರ ಮೇಲೆ. ನಾಡಿಗೆಲ್ಲ ದೀಪ ಕೊಡಲು ಗುಡ್ಡವನ್ನು ದ್ವೀಪ ಮಾಡಿದ್ದಾರೆ. ದ್ವೀಪಕ್ಕೆ ಮಾತ್ರ ಸೀಮೆಎಣ್ಣೆ ಲಾಟೀನು. ಹೇಳಿಕೊಂಡು ನಗಲು ಯಾರೂ ಇಲ್ಲ. ಬಂಗಲೆ ನೋಡಿಕೊಳ್ಳುವ ಮೇಟಿ ಹುಲಿಯಪ್ಪನಿಗೆ ಹೇಳಿದೆ. ‘ಹೌದಾ ಅಯ್ಯಾ, ಸೀಮೆಎಣ್ಣೆ ನಾಳೆಗೆ ಮುಗೀತದೆ’ ಎಂದ.

2-9-64
ಬಂಗಲೆ ಕಟ್ಟಿಸಿದ್ದು ಯಾವನೋ ಬಿಳಿ ದೊರೆ. ತಂಗಿದವರ ಪುಸ್ತಕದ ಮೊದಲ ಪುಟ 1891ರದ್ದು. ಹೆಸರು, ಬಂದ ತಾರೀಕು, ಹೋದ ತಾರೀಕು, ಷರಾ. ಷರಾ ಕಾಲಮ್ಮಿನಲ್ಲಿ ಒಬ್ಬ ಹುಲಿ ಹೊಡೆದದ್ದು ಬರೆದಿದ್ದಾನೆ. ಅದರ ಕೆಳಗೆ ಇನ್ನೊಬ್ಬ, ಕೋಳಿ ಬೇಯಲಿಲ್ಲ ಎಂದು. ಐವತ್ತಾರು ವರ್ಷದ ಸಾಮ್ರಾಜ್ಯದ ಚರಿತ್ರೆ ಇಷ್ಟೇ — ಹುಲಿ ಸತ್ತಿತು, ಕೋಳಿ ಬೇಯಲಿಲ್ಲ.

ಈಗಿನ ಅತಿಥಿಗಳಿಗೆ ಪುಸ್ತಕ ಬೇಕಿಲ್ಲ. ನೀರು ಏರಿದಂತೆ ಮೊಲಗಳು ಮೇಲೆ ಬಂದಿವೆ. ಹಿಂದಿನ ಲಾಯದಲ್ಲಿ ಹನ್ನೊಂದು. ಜಿಂಕ್ ಸ್ನಾನದ ತೊಟ್ಟಿಯಲ್ಲಿ ಒಂದು ಕೇರೆಹಾವು. ಅದು ಹೊರಡುವ ತನಕ ನನ್ನ ಸ್ನಾನ ಬೀಚಿನಲ್ಲಿ. ಬೀಚು ಎಂದರೆ ಕೆಮ್ಮಣ್ಣಿನ ಇಳಿಜಾರು, ಮುಂದೆ ನೀರು, ನೀರಿನಲ್ಲಿ ಮತ್ತಿಮರದ ತುದಿಗಳು.

ಹುಲಿಯಪ್ಪನ ವಿಷಯ ಬರೆದಿಡಬೇಕು. ಹೆಂಡತಿ ತುಂಗಮ್ಮ. ಇಬ್ಬರೂ ಹೊನ್ನೆಕೊಪ್ಪದವರು. ಗದ್ದೆ ಹೋಯಿತು. ರಿಪ್ಪನ್‌ಪೇಟೆ ಕಡೆ ಮೂರು ಎಕರೆ ಮಂಜೂರಾಗಿದೆ. ಈ ತಿಂಗಳು ಮೂವತ್ತರೊಳಗೆ ಯಜಮಾನನೇ ಹೋಗಿ ನಿಂತು, ಗಡಿಕಲ್ಲು ಹಾಕಿಸಿಕೊಂಡು, ಹೆಬ್ಬೆಟ್ಟು ಒತ್ತಬೇಕು. ತಪ್ಪಿದರೆ ಪಟ್ಟಿಯ ಮುಂದಿನವನಿಗೆ. ಹೆಂಡತಿಯ ಹೆಬ್ಬೆಟ್ಟು ನಡೆಯುವುದಿಲ್ಲ. ಬಂಗಲೆ ಮುಚ್ಚಿದರೆ ಇವನಿಗೂ ರಿಪ್ಪನ್‌ಪೇಟೆಯ ಬಂಗಲೆಗೇ ವರ್ಗ ಎಂದು ಆಫೀಸು ಮೊದಲೇ ಹೇಳಿದೆ. ಅಂದರೆ ಎಲ್ಲವೂ ನನ್ನ ವರದಿಯ ಮೇಲೆ.

‘ಊರಿಗೆ ಮುಳುಗಡೆ, ನಿನಗೆ ಬಿಡುಗಡೆ’ ಎಂದೆ. ತುಂಗಮ್ಮ ನಕ್ಕಳು. ನನ್ನ ಮಾತಿಗೆ ಈ ದ್ವೀಪದಲ್ಲಿ ಬಂದ ಮೊದಲ ನಗು.

4-9-64
ವರದಿ ಬರೆದು ಮುಗಿಸಿದೆ. ರಸ್ತೆ ಮುಳುಗಿದೆ, ದೋಣಿ ಒಂದೇ, ಮುಚ್ಚುವುದು ಸೂಕ್ತ. ನಾಲ್ಕು ಸಾಲು. ನನಗೇ ಆಕಳಿಕೆ ಬಂತು.

ಹೊರಡುವ ಮುಂಚೆ ಆ ಪುಸ್ತಕದಲ್ಲಿ ಸಹಿ ಮಾಡಬೇಕಲ್ಲ. ಷರಾ ಕಾಲಮ್ಮು ಖಾಲಿ ಬಿಡುವುದು ನನ್ನ ಜಾಯಮಾನವಲ್ಲ. ಬರೆದೆ: ‘ಇನ್ನು ಸಮುದ್ರಸ್ನಾನಕ್ಕೆ ಗೋಕರ್ಣದವರೆಗೆ ಹೋಗಬೇಕಿಲ್ಲ. ಸರ್ಕಾರವೇ ಸಮುದ್ರವನ್ನು ಬಾಗಿಲಿಗೆ ತಂದಿದೆ. ದ್ವೀಪ, ಬೀಚು, ಐತಿಹಾಸಿಕ ಕಟ್ಟಡ — ಮೂರೂ ಒಂದೇ ಬಾಡಿಗೆಗೆ. ಮೇಲಧಿಕಾರಿಗಳು ಸಕುಟುಂಬ ಬಂದು ತಂಗಲು ಯೋಗ್ಯ.’

ಚೆನ್ನಾಗಿದೆ. ಕೋಳಿಯವನಿಗಿಂತ ಮೇಲು. ಪಟ್ಟಿಯ ಜೊತೆ ಪುಸ್ತಕವೂ ಸಾಗರಕ್ಕೆ.

14-9-64, ಸಾಗರ
ಸಾಹೇಬರು ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. ಹೊಗಳಿದರು. ಅದು ಇನ್ನೂ ಕೆಟ್ಟದ್ದು.

‘ಏನ್ರೀ ಚಂದ್ರಯ್ಯ, ಎಷ್ಟು ಚೆನ್ನಾಗಿ ಬರೆದಿದೀರಿ! ನಮ್ಮ ಮನೆಯವರಿಗೂ ಓದಿ ಹೇಳಿದೆ. ಮೇಲಿನವರಿಗೂ ಟೈಪ್ ಮಾಡಿಸಿ ಕಳಿಸಿದೀನಿ.’

‘ಸಾರ್, ಅದು ತಮಾಷೆಗೆ... ವರದಿಯಲ್ಲಿ ಮುಚ್ಚಬೇಕು ಅಂತ ಬರೆದಿದೀನಿ.’

‘ನೋಡಿದೆ. ವರದೀಲಿ ಒಂದು, ಪುಸ್ತಕದಲ್ಲಿ ಒಂದು. ವರದಿ ಯಾರು ಬೇಕಾದ್ರೂ ಬರೀತಾರೆ ಕಣ್ರೀ. ಪುಸ್ತಕದ್ದು ಮನಸ್ಸಿನ ಮಾತು.’

ಆದೇಶ ಆಗಲೇ ಟೈಪಾಗಿತ್ತು. ಬಂಗಲೆ ಮುಂದುವರಿಯತಕ್ಕದ್ದು. ಮೇಟಿ ಹುಲಿಯಪ್ಪ ಮುಂದಿನ ಆದೇಶದವರೆಗೆ ಸ್ಥಳ ಬಿಡತಕ್ಕದ್ದಲ್ಲ.

ಎರಡು ದಿನದ ರಜೆಯಾದರೂ ಕೊಡಿ ಎಂದೆ. ಬದಲಿಗೆ ಇನ್ನೊಬ್ಬ ಮೇಟಿ ಇಲ್ಲ ಎಂದರು. ಜಮೀನಿನ ವಿಷಯ ಹೇಳಿದೆ. ಅದು ಬೇರೆ ಇಲಾಖೆ ಎಂದರು. ನಿಜ. ನೀರು ಮಾತ್ರ ಎಲ್ಲ ಇಲಾಖೆಗಳಿಗೂ ಸೇರಿದ್ದು.

20-9-64, ಭಾನುವಾರ, ಹೊನ್ನೆಗುಡ್ಡ
ಸಾಹೇಬರ ಪಿಕ್ನಿಕ್. ನಾನೂ — ಶೋಧಿಸಿದ ಕೊಲಂಬಸ್ ಎಂಬ ಗೌರವಕ್ಕಾಗಿ. ಒಂಬತ್ತು ಮೆಟ್ಟಿಲು ಒಳಗೆ. ಅಮ್ಮಾವ್ರು ನೀರಿಗೆ ಕಾಲು ಇಳಿಬಿಟ್ಟು ‘ಥೇಟ್ ಸಮುದ್ರ ಕಣ್ರೀ’ ಎಂದರು. ಅವರು ಕೂತಿದ್ದ ಜಾಗದಿಂದ ನೇರ ಕೆಳಗೆ ಹೊನ್ನೆಕೊಪ್ಪದ ಕಣ. ತುಂಗಮ್ಮ ಕೇಸರಿಬಾತು ಬಡಿಸಿದಳು.

ಹುಲಿಯಪ್ಪ ಕೈ ಕಟ್ಟಿ ನಿಂತು ಮೂರೆಕರೆ ಎಂದ, ಮೂವತ್ತನೇ ತಾರೀಕು ಎಂದ. ಸಾಹೇಬರು ಬೆನ್ನು ತಟ್ಟಿದರು. ‘ನೀನಿಲ್ದೆ ಈ ಬಂಗಲೆ ಹೇಗಯ್ಯ ನಡೆಯತ್ತೆ?’ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಆಡದ ಮಾತು. ಅವನಿಗೆ ನಗು ಬಂದೇಬಿಟ್ಟಿತು, ಪಾಪ. ಕೆಲಸ ಮುಗಿದಂತೆ ಹಿಂದೆ ಸರಿದ.

ಪಾತ್ರೆ ತೊಳೆಯುವಲ್ಲಿ ತುಂಗಮ್ಮ ಕೇಳಿದಳು. ‘ಅಯ್ಯಾ, ಆ ಪುಸ್ತಕದಾಗೆ ಎಂತ ಬರ್ದಿದ್ರಿ? ಎಲ್ರೂ ಅದನ್ನೇ ಹೇಳ್ತಾರೆ.’

ಸಾಹೇಬರು ಪುಸ್ತಕ ವಾಪಸ್ಸು ತಂದಿದ್ದರು. ಓದಿ ಹೇಳಿದೆ. ಪೂರ್ತಿ ಕೇಳಿದಳು.

‘ಇಷ್ಟೇಯಾ?’

‘ಇಷ್ಟೇ.’

‘ನಗು ಬರೂ ಹಂಗೇ ಇದೆ ಬಿಡಿ’ ಎಂದಳು. ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

26-9-64, ಸಾಗರ
ಷರಾ ಹಿಂಪಡೆಯುವ ಅರ್ಜಿ ಬರೆದೆ. ಷರಾ ಹಿಂಪಡೆಯಲು ನಮೂನೆ ಇಲ್ಲವಂತೆ. ಸೂಪರಿಂಟೆಂಡೆಂಟ್ ಬಹಳ ಹೊತ್ತು ನಕ್ಕರು. ‘ನಿಮ್ಮ ತಮಾಷೆ ಬುದ್ಧಿ ಬಿಡಲ್ಲ ನೋಡಿ.’

29-9-64, ಮಂಗಳವಾರ, ಮಧ್ಯಾಹ್ನ, ಹೊನ್ನೆಗುಡ್ಡ
ವಾಸಪ್ಪನ ದೋಣಿಯಲ್ಲಿ ಬಂದೆ. ಸಾಗರದಲ್ಲಿ ಯಾರಿಗೂ ಹೇಳಿಲ್ಲ. ಹನ್ನೊಂದು ಮೆಟ್ಟಿಲು ಒಳಗೆ.

ಹುಲಿಯಪ್ಪನಿಗೆ ಹೇಳಿದೆ: ಚಾರ್ಜು ನಾನು ತೆಗೆದುಕೊಳ್ಳುತ್ತೇನೆ. ಕಾಗದ ಬರೆದು ಸಹಿ ಮಾಡಿ ಕೊಟ್ಟೆ. ನೀನು ಹೊರಡು.

‘ಆರ್ಡ್ರಾಗಿದೆಯಾ ಅಯ್ಯಾ?’

‘ಸಹಿ ನೋಡು.’

‘ನಂಗೆ ಓದಕ್ಕೆ ಬರೋದಿಲ್ಲಲ್ಲ.’

‘ಹಾಗಾದ್ರೆ ನಂಬು.’

ವಾಸಪ್ಪ ಕೆಳಗಿನಿಂದ ಕೂಗುತ್ತಿದ್ದ. ‘ಹುಲಿಯಣ್ಣಾ, ಆಚೆ ದಡದಾಗೆ ಬಸ್ಸು ನಾಕಕ್ಕೆ! ಅದು ನಿಮ್ಮ ಮಾವ ಅಲ್ಲ, ಕಾಯಕ್ಕೆ!’

ಹುಲಿಯಪ್ಪನಿಗೆ ಅದೊಂದೂ ಕೇಳಲಿಲ್ಲ. ಚಾರ್ಜು ಎಂದರೆ ಚಾರ್ಜು. ಪಟ್ಟಿ ಹಿಡಿದು ಒಂದೊಂದೇ ಓದಿ ಎಂದ. ಮಂಚ ಎರಡು. ಕುರ್ಚಿ ಐದು, ಒಂದಕ್ಕೆ ಕೈಯಿಲ್ಲ. ಕಪ್ಪು ಆರು. ಟೀಪಾಟು ಒಂದು. ಟೀಪಾಟಿನ ಮುಚ್ಚಳ ಒಂದು...

ಮುಚ್ಚಳ ಇರಲಿಲ್ಲ.

ಹೋದ ಸಲ ಅದನ್ನು ನೋಡದೇ ಬರೆದಿದ್ದೆ. ಎಣಿಕೆ ತಪ್ಪುತ್ತಿಲ್ಲ ಎಂದಿದ್ದವನು. ‘ಒಡೆದಿದ್ದು ಅಂತ ಬರೀತೀನಿ, ನಡಿ’ ಎಂದೆ. ‘ಒಡೀಲಿಲ್ಲಲ್ಲ ಅಯ್ಯಾ. ಒಡೀದೇ ಒಡೀತು ಅಂತ ಹೆಂಗೆ ಬರೀತೀರಿ?’ ಬೀರುವಿನ ಅಡಿ ಹುಡುಕಿದ. ಲಾಯದಲ್ಲಿ ಮೊಲಗಳನ್ನು ಎಬ್ಬಿಸಿ ಹುಡುಕಿದ. ಗಂಟೆ ಮೂರೂ ಕಾಲು.

ತುಂಗಮ್ಮ ಮೆಟ್ಟಿಲ ಮೇಲೆ ಗಂಟು ಹಿಡಿದು ಕೂತಿದ್ದಳು. ಗಂಟು ಬಿಚ್ಚಿದಳು. ಒಳಗಿಂದ ಉಪ್ಪಿನ ಮಡಕೆ. ಅದರ ಬಾಯಿಗೆ ಟೀಪಾಟಿನ ಮುಚ್ಚಳ. ತೆಗೆದು ನನ್ನ ಕೈಗೆ ಕೊಟ್ಟಳು.

‘ಇದು ಗೌರ್ಮೆಂಟಿಂದಾ?’ ಹುಲಿಯಪ್ಪ ಬಾಯಿ ಬಿಟ್ಟ. ‘ಇಷ್ಟು ವರ್ಷ ನಮ್ಮ ಉಪ್ಪಿಗೆ—’

‘ಹೂಂ. ಕಾಣಂಗಿಲ್ಲ ನಿಮಗೆ, ದಿನಾ ಉಂಡ್ರೂ. ಏಳಿ.’

ಮಡಕೆಯ ಬಾಯಿಗೆ ಮತ್ತಿ ಎಲೆ ಕಟ್ಟಿಕೊಂಡು ಹೋದಳು. ಬೀಗದ ಕೈ ನನ್ನ ಹತ್ತಿರ. ದೋಣಿ ಮರದ ತುದಿಗಳ ನಡುವೆ ಹೋಯಿತು. ನಡುವೆ ಒಂದು ಕಡೆ ವಾಸಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಅವರ ಮನೆಯ ಮೇಲಿರಬೇಕು. ಮತ್ತೆ ಹುಟ್ಟು ಹಾಕಿದ.

1-10-64
ವಾಸಪ್ಪ ಅಕ್ಕಿ ತಂದ, ಎರಡು ಸುದ್ದಿಯನ್ನೂ. ಒಂದು: ಬಸ್ಸು ಟಯರು ಕೆಟ್ಟು ಆಚೆ ದಡದಲ್ಲೇ ನಿಂತಿತ್ತು, ಸಿಕ್ಕಿತು. ನಿನ್ನೆ ಕಲ್ಲು ಹಾಕಿದರು. ಹುಲಿಯಪ್ಪ ಹೆಬ್ಬೆಟ್ಟು ಒತ್ತಿದ. ‘ಎಷ್ಟು ಜೋರು ಒತ್ತಿದ ಅಂದ್ರೆ, ಕೆಳಗಿನ ಮೂರು ಹಾಳೆಗೂ ಮೂಡ್ತಂತೆ.’

ಎರಡು: ಸಾಗರದ ಆಫೀಸಿನ ಲಕೋಟೆ. ಹುಲಿಯಪ್ಪ ಹೋಗುವ ದಾರಿಯಲ್ಲಿ ನನ್ನ ಕಾಗದವನ್ನು ಅಲ್ಲಿ ಕೊಟ್ಟೇ ಹೋಗಿದ್ದನಂತೆ. ಆದೇಶವಿಲ್ಲದೆ ಮೇಟಿಯನ್ನು ಬಿಡುಗಡೆ ಮಾಡಿದ್ದೇಕೆ, ನಿಮ್ಮನ್ನು ಅಮಾನತಿನಲ್ಲಿ ಏಕೆ ಇಡಬಾರದು, ಕಾರಣ ಕೊಡಿ. ಮೇಟಿಯ ಮೇಲೆ ಕ್ರಮ ಇಲ್ಲ. ನನ್ನ ಸಹಿಯನ್ನು ನಂಬಿ ಹೋದದ್ದರಿಂದ. ಕೊನೆಯಲ್ಲಿ, ಸಾಹೇಬರ ಕೈಬರಹ: ಶನಿವಾರ ಮೇಲಿನವರು ಆರು ಜನ ಬರುತ್ತಾರೆ, ಊಟಕ್ಕೆ ವ್ಯವಸ್ಥೆ ಮಾಡಿ.

ಅನ್ನ ಮಾಡಲು ಬರುತ್ತದೆ. ಸಾರು ಕಲಿಯಬೇಕು.

3-10-64, ಶನಿವಾರ, ಬೆಳಿಗ್ಗೆ
ಹನ್ನೆರಡು ಮೆಟ್ಟಿಲು ಒಳಗೆ. ನೆಲ ಗುಡಿಸಿದೆ. ಟೀಪಾಟು ತೊಳೆದೆ, ಮುಚ್ಚಳದ ಒಳಗೆ ಇನ್ನೂ ಉಪ್ಪು. ಕೇರೆಹಾವು ಹೊರಟಿದೆ, ತೊಟ್ಟಿ ಅತಿಥಿಗಳಿಗೆ ಖಾಲಿ.

ಬರುವವರು ಮೊದಲು ಕೇಳುವುದು ಪುಸ್ತಕವನ್ನೇ. ಅವರ ಮುಂಚೆ ನನ್ನದೊಂದು ಸಾಲು ಇರಲಿ. ಹೆಸರು: ಚಂದ್ರಯ್ಯ. ಬಂದ ತಾರೀಕು: 29-9. ಹೋದ ತಾರೀಕು: ಸಾಹೇಬರು ತುಂಬಲಿ. ಷರಾ...

ಅರ್ಧ ಗಂಟೆಯಿಂದ ಕೂತಿದ್ದೇನೆ. ಒಂದೂ ಹೊಳೆಯುತ್ತಿಲ್ಲ. ದೂರದಲ್ಲಿ ದೋಣಿ, ಹೆಂಗಸರ ನಗು. ಪುಸ್ತಕದಲ್ಲಿ ತಪ್ಪಾಗಬಾರದು. ಮೊದಲು ಇಲ್ಲಿ ಬರೆದು ನೋಡುತ್ತೇನೆ:

ಈ ಬಂಗಲೆಗೆ ರಸ್ತೆ ಇಲ್ಲ. ಕೆಳಗೆ ಒಂದು ಊರಿತ್ತು. ನಲವತ್ತೊಂದು ಮನೆ. ಅದರ ಹೆಸರು